ಬ್ಯಾಕ್ಟೀರಿಯಾ ಕೊಲ್ಲುವ ಟೈಟಾನಿಯಂ

ಚೆನ್ನೈನ ಸೌಕಾರ್‌ಪೇಟೆಯ ಮಿಂಟ್ ಸ್ಟ್ರೀಟ್ ಸುತ್ತಮುತ್ತ ತಾಮ್ರದ ಕೊಡ, ಬೆಳ್ಳಿಯ ಲೋಟ ಇಂದಿಗೂ ಬಿಕರಿಯಾಗುತ್ತವೆ. ಈ ಎರಡು ಲೋಹಗಳ ಅಯಾನುಗಳು ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸಿ ಅದನ್ನು ಕೊಲ್ಲುತ್ತವೆ. ದೇಹದೊಳಗೆ ಕೂರಿಸುವ ಟೈಟಾನಿಯಂಗೂ ಈ ಗುಣ ಬರಲೆಂದು ವಿಜ್ಞಾನಿಗಳು ಅದಕ್ಕೆ ತಾಮ್ರ, ಬೆಳ್ಳಿ ಬೆರೆಸಿ ನೋಡುತ್ತಿದ್ದಾರೆ.

ಟೈಟಾನಿಯಂ ಹಗುರ, ತುಕ್ಕು ಹಿಡಿಯದು, ಮೂಳೆ ಅದಕ್ಕೆ ಅಂಟಿಕೊಂಡೇ ಬೆಳೆಯುತ್ತದೆ. ಆದರೆ ಟೈಟಾನಿಯಂನ ಕೃತಕ ಕೀಲಿನ ಮೇಲೆ ಬ್ಯಾಕ್ಟೀರಿಯಾ ಕೂತು ಲೋಳೆಪದರ ಕಟ್ಟಿಕೊಂಡರೆ ಆ್ಯಂಟಿಬಯಾಟಿಕ್ ಒಳಗೆ ನಾಟುವುದು ಕಷ್ಟ. ಎಷ್ಟೋ ಸಲ ಕೀಲನ್ನೇ ತೆಗೆದು ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕು. ವಯಸ್ಸಾದವರಿಗೆ ಇದು ತಡೆಯಲಾಗದ ಸಂಕಟ.

ಇದನ್ನು ತಪ್ಪಿಸಲು ಟೈಟಾನಿಯಂಗೆ ತಾಮ್ರ ಎಷ್ಟು ಬೆರೆಸಬೇಕೆಂಬುದೇ ಸೂಕ್ಷ್ಮ. ಕಡಿಮೆಯಾದರೆ ಬ್ಯಾಕ್ಟೀರಿಯಾ ಬದುಕುತ್ತದೆ. ಹೆಚ್ಚಾದರೆ ಲೋಹ ಪೆಡಸಾಗುತ್ತದೆ, ನಮ್ಮ ಜೀವಕೋಶಗಳಿಗೂ ಕೇಡು. ಸುಮಾರು 5% ತಾಮ್ರವಿರುವ ಮಿಶ್ರಲೋಹಗಳ ಮೇಲೆ ಹೆಚ್ಚು ಅಧ್ಯಯನ ನಡೆದಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಅವರ ತಂಡ ಏನನ್ನೂ ಬೆರೆಸದ ದಾರಿ ಹಿಡಿಯಿತು. 2017ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಕ್ಲೋರಿನ್ ಪ್ಲಾಸ್ಮಾದಿಂದ ಟೈಟಾನಿಯಂ ಮೈಯನ್ನು ಕೊರೆದಾಗ, ಸುಮಾರು ಒಂದು ಮೈಕ್ರೋಮೀಟರ್ ಎತ್ತರದ ಕಂಬಗಳು ಒತ್ತಾಗಿ ಎದ್ದು ಲೋಹ ಕಪ್ಪಗಾಯಿತು. ಅದರ ಮೇಲೆ ಕೂತ ಇ. ಕೋಲೈ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಕಂಬಗಳಿಂದ ಪೊರೆ ಹರಿದು 4 ಗಂಟೆಯೊಳಗೆ ಸತ್ತವು. ಮನುಷ್ಯರ ಸ್ಟೆಮ್ ಸೆಲ್‌ಗಳು ಅದೇ ಕಂಬಗಳ ಮೇಲೆ ಅಂಟಿಕೊಂಡು ಬೆಳೆದವು. ನಿಜಕ್ಕೂ ಸೊಗಸಾದ ಕೆಲಸ. ಆದರೆ ಮೂಳೆಯ ಸೋಂಕಿಗೆ ಮುಖ್ಯ ಕಾರಣವಾದ ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಗೋಡೆ ದಪ್ಪ. ಅದರಲ್ಲಿ ಸತ್ತದ್ದು ಸ್ವಲ್ಪವೇ.