ಕೋಡಿಮಠದಲ್ಲಿ ಮದ್ದು ಕುಡಿಸಿದವರು
ಮಧ್ಯಯುಗದ ಯುರೋಪಿನಲ್ಲಿ ರೋಗಿಗಳ ಆರೈಕೆಗೆಂದೇ ಇದ್ದ ಸನ್ಯಾಸಿನಿಯರ ಮಠಗಳ ಬಗ್ಗೆ ಓದುವಾಗ, ಐಗಳಿಯವಳಾದ ನನಗೆ ನೆನಪಾಗುವುದು ಬಳ್ಳಿಗಾವಿಯ ಕೋಡಿಮಠ. (ನಮ್ಮ ಬೆಳಗಾವಿಯಲ್ಲ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ.) ಕಲಚುರಿ ಬಿಜ್ಜಳನ ಕಾಲದ 1162ರ ಶಾಸನ ಈ ಕಾಳಾಮುಖ ಮಠವನ್ನು ಬಾಯ್ತುಂಬ ಹೊಗಳುತ್ತದೆ: ವೇದ, ವ್ಯಾಕರಣ, ದರ್ಶನಗಳ ಪಾಠ, ಕುಂಟರು ಕುರುಡರಿಗೆ ಅನ್ನ, ನಾನಾ ರೋಗಿಗಳಿಗೆ ಮದ್ದು. ಗುರುಗಳ ಹೆಸರುಗಳಿವೆ. ಮದ್ದು ಅರೆದು ಕುಡಿಸಿದವರ ಹೆಸರಿಲ್ಲ.

ಕಂಚಿಯ ಹತ್ತಿರದ ತಿರುಮುಕ್ಕೂಡಲಿನ ಚೋಳ ಶಾಸನ ಇಷ್ಟು ಜಿಪುಣತನ ತೋರುವುದಿಲ್ಲ. ಅದು ಸುಮಾರು 1069ರದ್ದು. ಅಲ್ಲಿ 15 ಹಾಸಿಗೆಗಳ ಆತುರಶಾಲೆ ಇತ್ತು, ರೋಗಿಗಳನ್ನು ನೋಡಿಕೊಂಡು ಮದ್ದು ಕೊಡಲು ಇಬ್ಬರು ಹೆಂಗಸರಿದ್ದರು. ಅವರ ಸಂಬಳವನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆ. ಆದರೆ ವೈದ್ಯ ಕೋದಂಡರಾಮ ಅಶ್ವತ್ಥಾಮ ಭಟ್ಟನಿಗೆ ಹೆಸರಿದೆ, ಇವರಿಗೆ ಲೆಕ್ಕ ಮಾತ್ರ. ಆ ಲೆಕ್ಕವೂ ಕೋಡಿಮಠದವರಿಗೆ ಸಿಗಲಿಲ್ಲ. ಹಾಗಾಗಿ ನಾನೀಗ ಯಾವ ಶಾಸನ ಹಿಡಿದರೂ ಪ್ರಶಸ್ತಿ ದಾಟಿ, ಮೊದಲು ಖರ್ಚಿನ ಸಾಲುಗಳಿಗೆ ಹೋಗುತ್ತೇನೆ.