ಟ್ರಾನ್ಸ್‌ಫಾರ್ಮರಿನ ಶೇಕಡ ಇಂಪೀಡೆನ್ಸ್: ಅದರ ಪೂರ್ವೋತ್ತರ

ದೊಡ್ಡ ಟ್ರಾನ್ಸ್‌ಫಾರ್ಮರುಗಳ ಹೆಸರು ಫಲಕದ ಮೇಲೆ ಶೇಕಡ 4 ಎಂದೋ 10 ಎಂದೋ ಒಂದು ಅಂಕಿಯನ್ನು ಕೆತ್ತಿರುತ್ತಾರೆ. ಇದೇ ಶೇಕಡ ಇಂಪೀಡೆನ್ಸ್. ಮೊದಲಲ್ಲಿ ಯಂತ್ರದ ದೋಷವೆಂದು ಎಣಿಸಲ್ಪಟ್ಟ ಗುಣವೊಂದು ಕಾಲಕ್ರಮದಲ್ಲಿ ಅದರ ರಕ್ಷಣೆಗೆ ಒದಗಿದ ಚರಿತ್ರೆಯು ಈ ಅಂಕಿಯ ಹಿಂದೆ ಇದೆ.

1884ರ ಟ್ಯೂರಿನ್ ಪ್ರದರ್ಶನದಲ್ಲಿ ಗೊಲಾರ್ ಮತ್ತು ಗಿಬ್ಸ್ ಎಂಬವರು ತಮ್ಮ ಸುರುಳಿಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿ ತೋರಿಸಿದರು. ಈ ಏರ್ಪಾಟಿನಲ್ಲಿ ಒಂದು ಕಡೆಯ ದೀಪಗಳನ್ನು ಆರಿಸಿದರೆ ಉಳಿದ ಕಡೆಯ ದೀಪಗಳ ಕಾಂತಿಯೂ ಕೆಡುತ್ತಿದ್ದಿತು. ಮರುವರ್ಷ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಜಿಪರ್ನೋವ್‌ಸ್ಕಿ, ಬ್ಲಾಥಿ, ಡೇರಿ ಎಂಬ ಮೂವರು ಕಬ್ಬಿಣದ ಗರ್ಭವನ್ನು ಸಂಪೂರ್ಣವಾಗಿ ಮುಚ್ಚಿ, ಯಂತ್ರಗಳನ್ನು ಸಮಾಂತರವಾಗಿ ಜೋಡಿಸಿ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದರು. ಆದರೂ ಒಂದು ಸುರುಳಿಯ ಕಾಂತಪ್ರವಾಹವೆಲ್ಲವೂ ಮತ್ತೊಂದನ್ನು ಸೇರುವುದಿಲ್ಲ, ಸ್ವಲ್ಪ ಸೋರಿಹೋಗುತ್ತದೆ. ಈ ಸೋರಿಕೆಯಿಂದಲೂ ತಂತಿಯ ರೋಧದಿಂದಲೂ ಹೊರೆ ಹೆಚ್ಚಿದಂತೆ ವೋಲ್ಟೇಜು ಇಳಿಯುತ್ತದೆ. ದೀಪಗಳೇ ಮುಖ್ಯವಾಗಿದ್ದ ಆ ಕಾಲದಲ್ಲಿ ಇದನ್ನು ಆದಷ್ಟು ತಗ್ಗಿಸುವುದೇ ಕುಶಲತೆಯೆನಿಸಿದ್ದುದು ಸಹಜವೇ.

ಇಂಪೀಡೆನ್ಸ್ ಎಂಬ ಪದವನ್ನು 1886ರಲ್ಲಿ ಹೆವಿಸೈಡನು ಬಳಕೆಗೆ ತಂದನು. 1893ರಲ್ಲಿ ಕೆನೆಲಿ, ಸ್ಟೈನ್‌ಮೆಟ್ಜ್ ಇವರು ಅದನ್ನು ಸಂಮಿಶ್ರ ಸಂಖ್ಯೆಗಳ ಗಣಿತಕ್ಕೆ ಅಳವಡಿಸಿದರು. ಅದನ್ನು ಅಳೆಯುವ ಕ್ರಮವು ಸುಲಭವಾದುದು. ಒಂದು ಬದಿಯ ತುದಿಗಳನ್ನು ನೇರವಾಗಿ ಕೂಡಿಸಿ, ಪೂರ್ಣ ಹೊರೆಯ ಪ್ರವಾಹವು ಹರಿಯುವವರೆಗೆ ಇನ್ನೊಂದು ಬದಿಯ ವೋಲ್ಟೇಜನ್ನು ಏರಿಸುತ್ತಾರೆ. 11,000 ವೋಲ್ಟಿನ ಯಂತ್ರಕ್ಕೆ 550 ವೋಲ್ಟು ಸಾಕಾದರೆ ಅದರ ಇಂಪೀಡೆನ್ಸ್ ಶೇಕಡ 5. ಓಮುಗಳಲ್ಲಿ ಹೇಳಿದರೆ ಎರಡು ಬದಿಗಳಿಗೂ ಬೇರೆ ಬೇರೆ ಬೆಲೆ ಬರುತ್ತದೆ. ಶೇಕಡ ಲೆಕ್ಕದಲ್ಲಿ ಎತ್ತಲಿಂದ ನೋಡಿದರೂ ಒಂದೇ. ಈ ರೂಢಿಯು ನೆಲೆಗೊಂಡುದಕ್ಕೆ ಇದು ಬಲವಾದ ಕಾರಣ.

ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ತು ಹರಿದುದು ಇಂಥ ದೂರಪ್ರಸರಣದ ಆರಂಭಕಾಲದಲ್ಲಿಯೇ. ಮುಂದೆ ಜಗತ್ತಿನಾದ್ಯಂತ ಕೇಂದ್ರಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡಂತೆ ಅಪಾಯವು ಬೇರೆ ಕಡೆಯಿಂದ ಬಂದಿತು. ಶೇಕಡ 5ರ ಯಂತ್ರದ ಮುಂದೆ ತಂತಿಗಳು ಒಂದನ್ನೊಂದು ಮುಟ್ಟಿದರೆ, ಹಿಂದಿನ ಬಲವು ಕುಗ್ಗದಿರುವಲ್ಲಿ, ಪ್ರವಾಹವು ಇಪ್ಪತ್ತು ಮಡಿಯಾಗುತ್ತದೆ. ಸುರುಳಿಗಳ ಮೇಲಿನ ಬಲವಾದರೋ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ನಾನೂರು ಮಡಿಯಾಗುತ್ತದೆ. ಮೊದಲ ಕ್ಷಣದಲ್ಲಿ ಅದಕ್ಕೂ ಹೆಚ್ಚು. ತಾಮ್ರವು ಬಾಗಿ ನಿರೋಧಕವು ಹರಿಯಲು ಇಷ್ಟೇ ಸಾಕು. ಶೇಕಡ 10 ಆಗಿದ್ದರೆ ಬಲವು ನೂರು ಮಡಿಯಲ್ಲಿ ನಿಲ್ಲುತ್ತದೆ. ಆದುದರಿಂದ ಹಿಂದಿನವರು ಮುಚ್ಚಲು ಶ್ರಮಿಸಿದ ಸೋರಿಕೆಯನ್ನು ಅನಂತರದವರು ಬೇಕೆಂದೇ ಉಳಿಸಿಕೊಂಡರು. ಸಾಲದಾದಲ್ಲಿ ಪ್ರತ್ಯೇಕ ರಿಯಾಕ್ಟರುಗಳನ್ನೂ ಸೇರಿಸಿದರು. ವೋಲ್ಟೇಜಿನ ಇಳಿತವೊಂದನ್ನೇ ನೋಡಿ ಯಂತ್ರದ ಗುಣವನ್ನು ನಿರ್ಣಯಿಸುವುದು ಏಕದೇಶೀಯವೆಂದು ಇದರಿಂದ ತಿಳಿಯಬಹುದು.

ಸಮಾಂತರವಾಗಿ ದುಡಿಯುವ ಯಂತ್ರಗಳಲ್ಲಿಯೂ ಈ ಅಂಕಿಯೇ ನಿರ್ಣಾಯಕ. ಸಮಶಕ್ತಿಯ ಎರಡರಲ್ಲಿ ಒಂದು ಶೇಕಡ 4, ಇನ್ನೊಂದು 6 ಆದರೆ, ಮೊದಲನೆಯದು ಹೊರೆಯ ಐದರಲ್ಲಿ ಮೂರು ಪಾಲನ್ನು ಹೊರಬೇಕಾಗುತ್ತದೆ. ಈಗಿನ ಅಂತರರಾಷ್ಟ್ರೀಯ ನಿಯಮಾವಳಿಯು 630 ಕಿಲೋವೋಲ್ಟ್ ಆಂಪಿಯರುಗಳವರೆಗಿನ ಯಂತ್ರಕ್ಕೆ ಕನಿಷ್ಠ ಶೇಕಡ 4ನ್ನೂ, 63,000ಕ್ಕೆ ಮೇಲ್ಪಟ್ಟು 1,00,000ದವರೆಗಿನದಕ್ಕೆ ಶೇಕಡ 12.5ನ್ನೂ ಸೂಚಿಸುತ್ತದೆ.