ಲ್ಯೂಕ್ ಗಾರ್ಡಿನರ್, ಮೌಂಟ್‌ಜಾಯ್ ಪ್ರಭು

ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರವನ್ನು ಲಿಫೀ ನದಿಯು ಎರಡಾಗಿ ಭಾಗಿಸಿ ಹರಿಯುತ್ತದೆ. ಅದರ ಉತ್ತರದ ದಡಕ್ಕೆ ಮೌಂಟ್‌ಜಾಯ್ ಚೌಕವೆಂಬುದೊಂದಿದೆ. ಪಾರ್ಶ್ವಗಳು ನಾಲ್ಕೂ ಸರಿಸಮ, ಒಂದೊಂದೂ ಸುಮಾರು 140 ಮೀಟರು; ನಡುವಣ ಉದ್ಯಾನವನ್ನು ಬಳಸಿ ಇಟ್ಟಿಗೆಯ ಎತ್ತರದ ಮನೆಗಳು ಸಾಲಾಗಿ ನಿಂತಿವೆ. ಇದು ಪೂರ್ಣವಾದುದು 1818ರಲ್ಲಿ. ಇದನ್ನು ಕಲ್ಪಿಸಿದ ಲ್ಯೂಕ್ ಗಾರ್ಡಿನರನು ಮಡಿದು ಆಗ ಇಪ್ಪತ್ತು ವರ್ಷಗಳಾಗಿದ್ದುವು.

ಗಾರ್ಡಿನರನು ಹುಟ್ಟಿದುದು 1745ರಲ್ಲಿ. ಅದೇ ಹೆಸರಿನ ಅವನ ಅಜ್ಜನು ಕುಲೀನನಲ್ಲ. ಲೇವಾದೇವಿಯಲ್ಲಿಯೂ ಸರಕಾರದ ಖಜಾನೆಯ ಕೆಲಸದಲ್ಲಿಯೂ ಮೇಲೆ ಬಂದವನು. ಸೇಂಟ್ ಮೇರಿ ಮಠಕ್ಕೆ ಹಿಂದೆ ಸೇರಿದ್ದ ಭೂಮಿಯನ್ನು ಕೊಂಡು, ಹೆನ್ರಿಯೆಟಾ ಬೀದಿಯನ್ನೂ ವಿಶಾಲವಾದ ಸ್ಯಾಕ್‌ವಿಲ್ ಬೀದಿಯನ್ನೂ ತೆರೆದವನು ಅವನೇ. 1769ರಲ್ಲಿ ತಂದೆಯು ತೀರಿಕೊಳ್ಳಲು ಆ ಆಸ್ತಿಯೆಲ್ಲವೂ ಮೊಮ್ಮಗನ ಕೈಸೇರಿತು.

ಇಂತಹ ಪ್ರಭುಗಳು ತಾವೇ ಮನೆಗಳನ್ನು ಕಟ್ಟಿಸುತ್ತಿದ್ದರೆಂದು ತಿಳಿಯಬಾರದು. ಪ್ರಭುವು ಬೀದಿಯ ಗೆರೆ ಹಾಕಿ ನಿವೇಶನಗಳನ್ನು ವಿಂಗಡಿಸುವನು; ಕಟ್ಟುವವರು ದೀರ್ಘಕಾಲದ ಗುತ್ತಿಗೆಗೆ ಹಿಡಿದು, ಮನೆ ಎಬ್ಬಿಸಿ ಪರಭಾರೆ ಮಾಡುವರು. ನೆಲಬಾಡಿಗೆಯು ಮಾತ್ರ ವರ್ಷವರ್ಷವೂ ಪ್ರಭುವಿಗೆ ಬರುತ್ತಿರುವುದು. ಹಣ ಹೂಡುವವರು ಒಬ್ಬರು, ಹೆಸರು ಉಳಿಯುವುದು ಮತ್ತೊಬ್ಬರದು! ನಗರದ ಹೊಸ ಸುಂಕದ ಮನೆಯನ್ನು 1781ರಲ್ಲಿ ನದಿಯ ಕೆಳಗಣ ಪೂರ್ವಭಾಗಕ್ಕೆ ಸಾಗಿಸಿದಾಗ ಹಳೆಯ ಪೇಟೆಯ ವರ್ತಕರು ಪ್ರಬಲವಾಗಿ ವಿರೋಧಿಸಿದರು. ಅದನ್ನು ಸಾಧಿಸಿದ ಜಾನ್ ಬೆರೆಸ್‌ಫರ್ಡನು ಗಾರ್ಡಿನರನ ಹೆಂಡತಿಯ ತಂಗಿಯನ್ನು ಮದುವೆಯಾದವನು. ಗಾರ್ಡಿನರ್ ಬೀದಿಯಾದರೋ ಆ ಸುಂಕದ ಮನೆಗೇ ನೆಟ್ಟಗೆ ಇಳಿಯುತ್ತದೆ. ಬೀದಿಗಳನ್ನು ಅಗಲಮಾಡುವ ಸರಕಾರಿ ಮಂಡಲಿಯಲ್ಲಿಯೂ ಗಾರ್ಡಿನರನು ಸದಸ್ಯನಾಗಿದ್ದನು. ಲೋಕಹಿತ, ಸ್ವಹಿತಗಳನ್ನು ಇಲ್ಲಿ ಬೇರ್ಪಡಿಸಿ ನೋಡುವುದು ಕಷ್ಟ.

ಆದರೂ ಅವನನ್ನು ಬರಿಯ ಲಾಭಬಡುಕನೆನ್ನಲಾಗದು. ಜನರಲ್ಲಿ ಬಹುಸಂಖ್ಯಾತರಾದ ಕ್ಯಾಥೊಲಿಕರು ಆ ಕಾಲದಲ್ಲಿ 31 ವರ್ಷಕ್ಕೆ ಮೀರಿ ಭೂಮಿಯನ್ನು ಗುತ್ತಿಗೆ ಹಿಡಿಯುವಂತಿರಲಿಲ್ಲ. ಅವರ ಆಸ್ತಿಯು ಗಂಡುಮಕ್ಕಳಲ್ಲಿ ಹಂಚಿಹೋಗಿ ನುಚ್ಚುನೂರಾಗುವಂತೆ ಕಾನೂನಿದ್ದಿತು. ಪ್ರೊಟೆಸ್ಟಂಟನಾದ ಗಾರ್ಡಿನರನು ಡಬ್ಲಿನ್ ಪಾರ್ಲಿಮೆಂಟಿನಲ್ಲಿ ಮಂಡಿಸಿದ 1778ರ ಮಸೂದೆಯಿಂದ, ರಾಜನಿಷ್ಠೆಯ ಪ್ರಮಾಣ ಮಾಡಿದ ಕ್ಯಾಥೊಲಿಕರಿಗೆ 999 ವರ್ಷಗಳ ಗುತ್ತಿಗೆಯ ಹಕ್ಕು ಬಂದಿತು; 1782ರಲ್ಲಿ ಭೂಮಿಯನ್ನು ಕೊಳ್ಳುವ ಹಕ್ಕೂ ದೊರೆಯಿತು. ಗುತ್ತಿಗೆಯ ಬೆಲೆಯನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

1789ರಲ್ಲಿ ಮೌಂಟ್‌ಜಾಯ್ ಬ್ಯಾರನ್ ಪದವಿಯೂ 1795ರಲ್ಲಿ ವೈಕೌಂಟ್ ಪದವಿಯೂ ಅವನಿಗೆ ಬಂದುವು. ಮೂರು ವರ್ಷದಲ್ಲಿ ದಂಗೆಯೆದ್ದಿತು. 1798ನೆಯ ಇಸವಿ ಜೂನ್ 5ರಂದು, ವೆಕ್ಸ್‌ಫರ್ಡ್ ಸೀಮೆಯ ನ್ಯೂ ರಾಸ್ ಪಟ್ಟಣದ ಹೆಬ್ಬಾಗಿಲ ಬಳಿ, ಡಬ್ಲಿನ್ ಸೀಮೆಯ ಪಡೆಯನ್ನು ನಡೆಸುತ್ತಿದ್ದ ಮೌಂಟ್‌ಜಾಯ್ ಪ್ರಭುವು ಹತನಾದನು. ಕೊಂದವರ ಗುಂಪಿನಲ್ಲಿ ಬಹುಮಂದಿ ಕ್ಯಾಥೊಲಿಕ ರೈತರು. ಅವರಿಗಾಗಿ ಅವನು ವಾದಿಸಿದ್ದನೆಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿದ್ದೀತು? 999 ವರ್ಷಗಳ ಗುತ್ತಿಗೆಯು ಹಣವಂತನಿಗೆ ವರವೇ ಸರಿ. ಮೊಣಕಾಲುದ್ದ ಹೊಲವಿಲ್ಲದವನಿಗೆ ಅದರಿಂದೇನು?

ಅದೇ ತಿಂಗಳು ಐರ್ಲೆಂಡಿಗೆ ರಾಜಪ್ರತಿನಿಧಿಯಾಗಿ ಬಂದವನು, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಅರ್ಧರಾಜ್ಯವನ್ನು ಕಿತ್ತುಕೊಂಡ ಕಾರ್ನ್‌ವಾಲಿಸನು. ಅವನ ಆಡಳಿತದಲ್ಲಿಯೇ ಐರಿಷ್ ಪಾರ್ಲಿಮೆಂಟು ತನ್ನನ್ನು ತಾನೇ ರದ್ದುಪಡಿಸಿಕೊಂಡಿತು. 1801ರಿಂದ ಅಧಿಕಾರವು ಲಂಡನ್ನಿಗೆ ಹೋಯಿತು, ಅದರ ಬೆನ್ನಿಗೆ ಶ್ರೀಮಂತರೂ ಹೋದರು. ಮೌಂಟ್‌ಜಾಯನ ಮಗನಾದ ಬ್ಲೆಸಿಂಗ್ಟನ್ ಪ್ರಭುವು ದುಂದುಗಾರ. 1829ರಲ್ಲಿ ಅವನು ಸಾಯುವಾಗ ಆಸ್ತಿಯು ಸಾಲದಲ್ಲಿ ಮುಳುಗಿದ್ದು, ಮುಂದೆ 1840ರ ದಶಕದಲ್ಲಿ ಮಾರಾಟವಾಯಿತು. ಪ್ರಭುಗಳ ಮನೆಗಳಲ್ಲಿ ಕೋಣೆಗೊಂದು ಬಡ ಸಂಸಾರ ಸೇರಿತು. ಅಜ್ಜನು ತೆರೆದ ಹೆನ್ರಿಯೆಟಾ ಬೀದಿಯ 14ನೆಯ ಮನೆಯೊಂದರಲ್ಲಿಯೇ 1911ರಲ್ಲಿ ನೂರು ಜನರಿದ್ದರು.

ಎಕಲ್ಸ್ ಬೀದಿಯ ತುದಿಯಲ್ಲಿ ಗಾರ್ಡಿನರನು ‘ರಾಯಲ್ ಸರ್ಕಸ್’ ಎಂಬ ದೀರ್ಘವರ್ತುಲಾಕಾರದ ವೈಭವದ ಸೌಧಮಾಲೆಯೊಂದನ್ನು ಯೋಚಿಸಿದ್ದನು. ಅದು ನಕಾಶೆಗಳಲ್ಲಿ ಮೂಡಿತೇ ಹೊರತು ನೆಲದ ಮೇಲೆ ಏಳಲಿಲ್ಲ. ಆ ಸ್ಥಳದಲ್ಲಿ 1861ರಲ್ಲಿ ಕ್ಯಾಥೊಲಿಕ ಸನ್ಯಾಸಿನಿಯರು ಮೇಟರ್ ಆಸ್ಪತ್ರೆಯನ್ನು ತೆರೆದರು.